ಮಾತಿಲ್ಲದ ಕಾರ್ಟೂನಿಗೆ ಮನೆಯಲ್ಲೇ ಕನ್ನಡ: ಎರಡು ಮಕ್ಕಳು, ಒಂದು ಟಿವಿ, ನನ್ನ ಅನುಭವ

ಮಾತಿಲ್ಲದ ಕಾರ್ಟೂನ್ ಹಾಕಿ, ಮಕ್ಕಳ ಜೊತೆ ಕೂತು ನಾವೇ ಅದಕ್ಕೆ ಕನ್ನಡ ಮಾತು ಹಾಕುವುದು, ಹಾಗೇ ಟಿವಿ ಕಮ್ಮಿ ಮಾಡುವುದು. ಇದು ನಡೆಯಲ್ಲ ಅಂದವರು ತುಂಬಾ ಜನ. ನನ್ನ ನಾದಿನಿ, ನಮ್ಮ ಬೀದಿಯ ಒಂದಿಬ್ಬರು ತಾಯಂದಿರು, ಆಫೀಸಿನಲ್ಲಿ ಪಕ್ಕದ ಸೀಟಿನವರು, ಶುರುವಿನಲ್ಲಿ ನನ್ನ ಗಂಡ ಕೂಡ. "ಟಿವಿ ಕಮ್ಮಿ ಮಾಡ್ಬೇಕು ಅಂದ್ರೆ ಕನೆಕ್ಷನ್ ತೆಗೆಸಿ ಅತ್ತಿಗೆ, ಮಕ್ಕಳ ಜೊತೆ ಕೂತು ಕುರಿ ಥರ ಅರಚೋದ್ಯಾಕೆ?" ಅಂತ ನಾದಿನಿ ನಕ್ಕಿದ್ದಳು. ಈಗ ವರ್ಷವಾಗುತ್ತಾ ಬಂತು. ಅವಳ ಮಗನೇ ಭಾನುವಾರ ನಮ್ಮನೆಗೆ ಬಂದು ಕಾರ್ಟೂನ್ ಕುರಿಗೆ ಮಾತು ಹಾಕುತ್ತಾನೆ. ಅದಕ್ಕೇ ಸ್ವಲ್ಪ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮದು ಮೈಸೂರು. ಮಗಳಿಗೆ 11, ಮಗನಿಗೆ 6. ಅವನಿಗೆ ಇಷ್ಟವಾದದ್ದು ಅವಳಿಗೆ ಪಾಪುಗಳ ಶೋ, ಅವಳಿಗೆ ಇಷ್ಟವಾದದ್ದು ಅವನಿಗೆ ಇನ್ನೂ ಬೇಡದ್ದು. ರಜೆ ದಿನ ಇಬ್ಬರದ್ದೂ ಸೇರಿ ಹೆಚ್ಚುಕಮ್ಮಿ ನಾಲ್ಕು ಗಂಟೆ ಟಿವಿ, ಅದರಲ್ಲಿ ಒಂದು ಗಂಟೆಯಾದರೂ ರಿಮೋಟಿನ ಜಗಳ.

ಮೊದಲು ದುಡ್ಡು ಹೋದ ಕಥೆ ಹೇಳಿಬಿಡುತ್ತೇನೆ. ಡಿಶ್‌ನಿಂದ ಮಕ್ಕಳ ಪ್ಯಾಕ್ ತೆಗೆಸಿದೆ. ಮಕ್ಕಳು ಫೋನಿಗೆ ಹೋದರು. ಫೋನಿನಲ್ಲಿ ಒಂದು ಮುಗಿದ ಕೂಡಲೇ ಇನ್ನೊಂದು ತಾನಾಗೇ ಶುರುವಾಗುತ್ತದೆ, ಟಿವಿಗಿಂತ ಅದೇ ಕೆಟ್ಟದ್ದು, ವಾಪಸ್ ಹಾಕಿಸಿದೆ. ಆಮೇಲೆ ಟೈಮರ್ ಇರುವ ಸ್ಮಾರ್ಟ್ ಪ್ಲಗ್, ಸುಮಾರು 900 ರೂಪಾಯಿ. ಏಳೂವರೆಗೆ ಟಿವಿ ಪಟ್ ಅಂತ ಆಫ್. ಕಥೆಯ ನಡುವೆ ಆಫ್ ಆದರೆ ಆರು ವರ್ಷದ ಹುಡುಗ ಎಷ್ಟು ರಂಪ ಮಾಡುತ್ತಾನೆ ಅಂತ ಪ್ಲಗ್ ಮಾಡಿದವರಿಗೆ ಗೊತ್ತಿಲ್ಲ. ಪಿನ್ ಲಾಕ್ ಹಾಕಿದೆ, ಮಗಳು ನನ್ನ ಹೆಬ್ಬೆರಳು ರಿಮೋಟಿನ ಮೇಲೆ ಎಲ್ಲೆಲ್ಲಿ ಓಡುತ್ತದೆ ಅಂತ ನೋಡಿಕೊಂಡು ವಾರದೊಳಗೆ ತೆಗೆದಳು. ಇಂಗ್ಲಿಷ್ ಕಲಿಸುತ್ತದೆ ಅಂತ ಒಂದು ಮಕ್ಕಳ ಆ್ಯಪಿಗೆ ವರ್ಷದ ಚಂದಾ, ಮೂರು ಸಾವಿರದ ಹತ್ತಿರ. ಎಲ್ಲಕ್ಕಿಂತ ದುಬಾರಿ ಆನ್‌ಲೈನ್‌ನಲ್ಲಿ ತರಿಸಿದ ಸಣ್ಣ ಪ್ರೊಜೆಕ್ಟರ್, ಏಳೂವರೆ ಸಾವಿರ. ವಾರಕ್ಕೊಂದು ದಿನ ಸಿನಿಮಾ ಥರ ಹಾಕಿದರೆ ಉಳಿದ ದಿನ ಕೇಳಲ್ಲ ಅಂತ ನನ್ನ ಗಂಡನ ಲೆಕ್ಕ. ಫ್ಯಾನಿನ ಸದ್ದಿಗೆ ಮಾತೇ ಕೇಳಿಸುವುದಿಲ್ಲ, ಏಪ್ರಿಲ್‌ನಲ್ಲಿ ಸಂಜೆ ಆರೂವರೆವರೆಗೂ ಗೋಡೆ ಮೇಲೆ ಏನೂ ಕಾಣಿಸುವುದಿಲ್ಲ. ಈಗ ಅಟ್ಟದ ಮೇಲಿದೆ. ಎಲ್ಲಾ ಸೇರಿ ಹನ್ನೊಂದು ಹನ್ನೆರಡು ಸಾವಿರ ಹೋಗಿರಬಹುದು.

ಶೋಗಳ ವಿಷಯಕ್ಕೆ ಬರೋಣ. ಮಗಳು ಚಿಕ್ಕವಳಿದ್ದಾಗ ಕನ್ನಡದ ಮಕ್ಕಳ ಚಾನೆಲ್ ಚಿಂಟು ಟಿವಿ ನಮ್ಮನ್ನು ಕಾಪಾಡಿತ್ತು. 2009ರಲ್ಲಿ ಅದು ಶುರುವಾಗದೆ ಇದ್ದಿದ್ದರೆ ಎಷ್ಟೋ ಮನೆಗಳಲ್ಲಿ ಮಕ್ಕಳ ಕಾರ್ಟೂನ್ ಅಂದರೆ ಹಿಂದಿ ಅಂತಲೇ ಇರುತ್ತಿತ್ತು. ಮಗನ ಕಾಲಕ್ಕೆ ಮನೆ ತುಂಬಾ ಮೋಟು ಪತ್ಲು, ಛೋಟಾ ಭೀಮ್, ಶಿನ್‌ಚಾನ್. ಭೀಮನ ಮೇಲೆ ನನಗೆ ದೊಡ್ಡ ಸಿಟ್ಟಿಲ್ಲ. 2008ರಿಂದ ಲಾಡು ತಿಂದು ಹೊಡೆಯುತ್ತಲೇ ಇದ್ದಾನೆ, ಪಾಪ. ಶಿನ್‌ಚಾನ್ ಮಾತ್ರ ಬೇಡವಾಗಿತ್ತು. ಸರ್ಕಾರವೇ 2008ರಲ್ಲಿ ನಿಲ್ಲಿಸಿ, ಆಮೇಲೆ ಕತ್ತರಿ ಹಾಕಿ ಮತ್ತೆ ಬಿಟ್ಟ ಶೋ ಅದು. ಕತ್ತರಿ ಹಾಕಿದ ಮೇಲೂ ನನ್ನ ಮಗ ಅಜ್ಜಿಗೆ ಹಿಂದಿಯಲ್ಲಿ ಎದುರುತ್ತರ ಕೊಡುವುದನ್ನು ಕಲಿತ.

ಸೆಟ್‌ಟಾಪ್ ಬಾಕ್ಸಿನ ಭಾಷೆ ಬಟನ್ ಒತ್ತಿ ಕನ್ನಡ ಹಾಕಿ ನೋಡಿದೆ. ಅಷ್ಟರಲ್ಲಿ ಅವನ ಕಿವಿ ಹಿಂದಿ ದನಿಗೆ ಒಗ್ಗಿಹೋಗಿತ್ತು, "ಇದು ಮೋಟು ಅಲ್ಲ" ಅಂತ ಹಠ. ಸರಿ, ನಾನೇ ಮಾತು ಹಾಕುತ್ತೇನೆ ಅಂತ ಟಿವಿ ಮ್ಯೂಟ್ ಮಾಡಿದೆ. ಅದೂ ಕೆಟ್ಟಿತು. ಮ್ಯೂಟ್ ಮಾಡಿದರೆ ಮಾತಿನ ಜೊತೆ ಸಂಗೀತವೂ ಹೋಗುತ್ತದೆ, ಬಿದ್ದ ಸದ್ದು, ಓಡಿದ ಸದ್ದು ಎಲ್ಲಾ ಹೋಗುತ್ತದೆ. ಬಾಯಿ ಅಲ್ಲಾಡುತ್ತಿದೆ, ನಾನು ತಡವಾಗಿ ಏನೋ ಹೇಳುತ್ತಿದ್ದೇನೆ, ಮಗ ಅಳುತ್ತಿದ್ದಾನೆ. ಮಾವ ಒಳಗಿನಿಂದ ಬಂದು ಏನಾಯ್ತಮ್ಮಾ ಅಂದರು.

ದಾರಿ ಸಿಕ್ಕಿದ್ದು "ಆಗಿ ಅಂಡ್ ದ ಕಾಕ್ರೋಚಸ್" ಕಾರ್ಟೂನಿನಿಂದ. ನೀಲಿ ಬೆಕ್ಕು, ಮೂರು ಜಿರಲೆ, ನಿಮಗೆಲ್ಲಾ ಗೊತ್ತಿರುವುದೇ. ಫ್ರಾನ್ಸಿನಲ್ಲಿ 1998ರಲ್ಲಿ ಶುರುವಾದ ಶೋ, ಮೂಲದಲ್ಲಿ ಅದಕ್ಕೆ ಮಾತೇ ಇಲ್ಲ. ಹಿಂದಿಯವರು ಆಗಿಗೆ ಶಾರುಖ್ ಖಾನ್ ಮಿಮಿಕ್ರಿ, ಅವನ ಜೊತೆಗಾರ ಜ್ಯಾಕ್‌ಗೆ ಸನ್ನಿ ದೇವಲ್ ಮಿಮಿಕ್ರಿ ಹಾಕಿ ಇಲ್ಲಿ ಓಡಿಸಿಬಿಟ್ಟರು. ಮಕ್ಕಳು ಅದೇ ಮೂಲ ಅಂದುಕೊಂಡಿವೆ. ಅಂದರೆ ಮಾತಿಲ್ಲದ ಕಾರ್ಟೂನ್ ಮೇಲೆ ಯಾರು ಬೇಕಾದರೂ ಯಾವ ಮಾತು ಬೇಕಾದರೂ ಕೂರಿಸಬಹುದು, ಅಲ್ವಾ? ಮ್ಯೂಟ್ ಮಾಡುವ ಗೋಜೇ ಇಲ್ಲ. ಸಂಗೀತ ಇರುತ್ತದೆ, ಸದ್ದು ಇರುತ್ತದೆ, ತುಟಿ ಹೊಂದಿಸುವ ತಲೆನೋವಿಲ್ಲ. ವಾಲ್ಯೂಮ್ ಆರಕ್ಕೋ ಏಳಕ್ಕೋ ಇಳಿಸಿದರೆ ಆಯಿತು.

ಹಿಂದಿ ದನಿ ಇಲ್ಲದ ಆಗಿಯನ್ನೇ ಮೊದಲು ಹಾಕಿದೆ. ವೇಗ ವಿಪರೀತ, ನಾವು ಒಂದು ಮಾತು ಮುಗಿಸುವಷ್ಟರಲ್ಲಿ ನಾಲ್ಕು ಏಟು ಬಿದ್ದಿರುತ್ತವೆ. ಟಾಮ್ ಅಂಡ್ ಜೆರ್ರಿಯೂ ಹಾಗೇ. ಜೊತೆಗೆ ಅದರ ಹಳೆಯ ಎಪಿಸೋಡುಗಳಲ್ಲಿ ಸಂಗೀತವೇ ಎಲ್ಲಾ ಮಾತಾಡಿಬಿಡುತ್ತದೆ, 1940ರಿಂದ ಬಂದ ಆ ಸಂಗೀತದ ಮೇಲೆ ನಾವು ಬಾಯಿ ಹಾಕಿದರೆ ಅಪಚಾರ. ಕೊನೆಗೆ ಕೈ ಹಿಡಿದದ್ದು ಶಾನ್ ದ ಶೀಪ್. ಬ್ರಿಟನ್ನಿನ ಆರ್ಡ್‌ಮನ್ ಸ್ಟುಡಿಯೋದವರು 2007ರಲ್ಲಿ ಶುರು ಮಾಡಿದ ಶೋ. ಒಂದು ಎಪಿಸೋಡ್ ಏಳು ನಿಮಿಷ. ಕುರಿಗಳು ಬರೀ ಬ್ಯಾ ಅನ್ನುತ್ತವೆ, ಯಜಮಾನ ಏನೋ ಗೊಣಗುತ್ತಾನೆ, ನಾಯಿ ಬಿಟ್ಜರ್ ಸೀಟಿ ಊದುತ್ತದೆ. ಒಂದು ಸಲಕ್ಕೆ ಒಂದೇ ವಿಷಯ ನಡೆಯುತ್ತದೆ, ನಡುನಡುವೆ ಪಾತ್ರಗಳು ಸುಮ್ನೆ ನಿಂತು ನಮ್ಮ ಕಡೆ ನೋಡುತ್ತವೆ. ಮಾತು ಹಾಕಲು ಆ ಸುಮ್ಮನೆ ನಿಲ್ಲುವ ಜಾಗವೇ ಬೇಕಾಗಿರುವುದು. ಇದನ್ನು ಯಾರೂ ನನಗೆ ಹೇಳಿಕೊಡಲಿಲ್ಲ, ನಾನೇ ಕಂಡುಕೊಂಡದ್ದು!

ನಮ್ಮ ಕ್ರಮ ಹೀಗೆ. ಮುಂದಿನ ಎಪಿಸೋಡ್ ತಾನಾಗೇ ಓಡುವುದನ್ನು ಮೊದಲೇ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿರುತ್ತೇನೆ. ಮೊದಲ ಸಲ ಎಲ್ಲರೂ ಬಾಯಿ ಮುಚ್ಚಿಕೊಂಡು ನೋಡುವುದು. ಆಮೇಲೆ ಯಾರಿಗೆ ಯಾವ ಪಾತ್ರ ಅಂತ ಹಂಚಿಕೆ, ಅದಕ್ಕೆ ಐದು ನಿಮಿಷದ ಗಲಾಟೆ. ಎರಡನೇ ಸಲ ಅದೇ ಎಪಿಸೋಡಿಗೆ ಮಾತು ಹಾಕುತ್ತಾ ನೋಡುವುದು. ಚೆನ್ನಾಗಿ ಬರಲಿಲ್ಲ ಅಂತ ಮೂರನೇ ಸಲ ಅವರೇ ಕೇಳುತ್ತಾರೆ. ಹೀಗೆ ಏಳು ನಿಮಿಷದ ಒಂದು ಕಥೆಯಲ್ಲಿ ಅರ್ಧ ಗಂಟೆ ಆರಾಮಾಗಿ ಹೋಗುತ್ತದೆ. ಅಷ್ಟರಲ್ಲಿ ಗಂಟಲು ಸೋತಿರುತ್ತದೆ, ಇನ್ನೊಂದು ಹಾಕು ಅಂತ ಕೇಳುವುದು ಅಪರೂಪ. ಮೊದಲ ಎರಡು ಮೂರು ವಾರ ಹೀಗಿರಲಿಲ್ಲ, ಹೇಳಿಬಿಡುತ್ತೇನೆ. ಮಗ ನನ್ನ ಬಾಯಿ ಮುಚ್ಚಲು ಬರುತ್ತಿದ್ದ, ಮಗಳು ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ನಾನು ಗದಗಿನ ಕಡೆಯವಳು, ನಮ್ಮವರು ಬನ್ನೂರಿನವರು. ಹಾಗಾಗಿ ಬಿಟ್ಜರ್ ನಮ್ಮ ಊರಿನ ಕನ್ನಡ, ಶಾನ್ ಅವರ ಊರಿನ ಕನ್ನಡ. "ಏನ್ ಮಾಡಾಕತ್ತೀರಿಲೇ ಅಲ್ಲಿ?" ಅಂತ ನಾಯಿ ಕೇಳಿದರೆ "ಏನೂ ಇಲ್ಲ ಕಣಣ್ಣೋ, ಸುಮ್ಕೆ ನಿಂತಿವ್ನಿ" ಅಂತ ಕುರಿ. ಕುರಿಗಳು ವೇಷ ಹಾಕಿಕೊಂಡು ಪಿಜ್ಜಾ ತರಲು ಪೇಟೆಗೆ ಹೋಗುವ ಒಂದು ಎಪಿಸೋಡಿದೆ. ನಮ್ಮ ಮನೆಯಲ್ಲಿ ಅವು ಮೈಲಾರಿ ದೋಸೆಗೆ ಹೋಗುತ್ತವೆ. "ನಾಲ್ಕು ದೋಸೆ, ಬೆಣ್ಣೆ ಜಾಸ್ತಿ" ಅಂತ ಮಗ ಸ್ವಂತ ಬುದ್ಧಿಯಿಂದ ಹೇಳಿದ ದಿನ ನನಗೆ ಇದು ಗೆಲ್ಲುತ್ತದೆ ಅನ್ನಿಸಿತು.

ನಮ್ಮ ಮಾವ ಸೀರಿಯಲ್ ಬಿಟ್ಟು ಬೇರೆ ಏನೂ ನೋಡದವರು. ಕುರಿ ಅಂದ ಕೂಡಲೇ ಬಂದು ಕೂತರು. ಬನ್ನೂರು ಕುರಿಗೆ ಇಷ್ಟು ಉಣ್ಣೆ ಎಲ್ಲಿ ಬರುತ್ತೆ, ಅದು ಮಾಂಸಕ್ಕೆ ಹೆಸರು, ಕಂಬಳಿಗೆ ಬೇಕಾದರೆ ಚಿತ್ರದುರ್ಗದ ಕಡೆ ಹೋಗಬೇಕು ಅಂತ ಶುರು ಮಾಡಿದರೆ ಎಪಿಸೋಡ್ ನಿಲ್ಲಿಸಲೇಬೇಕು. ದಪ್ಪ ಕುರಿ ಶರ್ಲಿಯ ಬೆಲೆಯನ್ನು ಅವರು ತೂಕದ ಮೇಲೆ ಹೇಳಿದರು. ಮಗ ಬೇಜಾರು ಮಾಡಿಕೊಂಡ. ಈಗ ಯಜಮಾನನ ಪಾತ್ರ ಮಾವನದ್ದೇ. ಗೊಣಗುವುದು ಅವರಿಗೆ ಕಲಿಸಬೇಕಾಗಿಲ್ಲ.

ಬೇರೆ ಪ್ರಯೋಗಗಳೂ ಆದವು. ಪಿಂಗು ಚೆನ್ನಾಗಿ ಬಂತು. 1990ರ ಮಣ್ಣಿನ ಪೆಂಗ್ವಿನ್, ಐದು ನಿಮಿಷ, ಅರ್ಥವಿಲ್ಲದ ಭಾಷೆ. ಅದು ಏನೋ ಬಡಬಡಿಸಿದ ಮೇಲೆ ಮಕ್ಕಳು ಅದರ ಅರ್ಥ ಹೇಳಬೇಕು. ರಷ್ಯಾದ ಮಾಶಾ ಮತ್ತು ಕರಡಿಯಲ್ಲಿ ಹುಡುಗಿ ಮಾತಾಡುತ್ತಾಳೆ, ಕರಡಿ ಆಡುವುದಿಲ್ಲ, ಹಾಗಾಗಿ ಕರಡಿಯ ಉತ್ತರ ಮಾತ್ರ ನಮ್ಮದು. ಮಿಸ್ಟರ್ ಬೀನ್ ಕಾರ್ಟೂನ್ ಅಷ್ಟಕ್ಕಷ್ಟೇ. ಉತ್ಸಾಹಕ್ಕೆ 1,200 ಕೊಟ್ಟು ಕ್ಯಾರಿಯೋಕೆ ಮೈಕ್ ತಂದೆವು. ಅದರಿಂದ ಜಗಳ ವಾಪಸ್ ಬಂತು, ಮೈಕ್ ಪ್ರೊಜೆಕ್ಟರ್ ಪಕ್ಕಕ್ಕೆ ಹೋಯಿತು.

ಕಷ್ಟವಾದದ್ದು ಮಗಳು. ಹತ್ತು, ಹನ್ನೊಂದು, ಹನ್ನೆರಡು ವಯಸ್ಸಿನವರಿಗೆ ಅಂತ ಕನ್ನಡ ಟಿವಿಯಲ್ಲಿ ಕಥೆಯೇ ಇಲ್ಲ. ಹಾಡಿನ ಸ್ಪರ್ಧೆ ಇದೆ, 2016ರಿಂದ ಡ್ರಾಮಾ ಜೂನಿಯರ್ಸ್ ಇದೆ, ಮಕ್ಕಳು ನಿಜಕ್ಕೂ ಜಾಣರು, ಆದರೆ ಅವು ಮಕ್ಕಳನ್ನು ದೊಡ್ಡವರು ನೋಡುವ ಕಾರ್ಯಕ್ರಮಗಳು. ನನ್ನ ಮಗಳು ಅದನ್ನು ನೋಡಿ ತನ್ನ ಬಗ್ಗೆ ಅಂದುಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಈ ವಯಸ್ಸಿಗೆ ಸಿಗುವುದು ಬಹಳಷ್ಟು ಹಿಂದೆ ನಗುವಿನ ಸದ್ದು ಕೂರಿಸಿದ ಸಿಟ್‌ಕಾಮ್, ಅಂದರೆ ಹಾಸ್ಯ ಧಾರಾವಾಹಿ. ಅಲ್ಲಿ ಪ್ರತಿ ಅಪ್ಪನೂ ದಡ್ಡ, ಪ್ರತಿ ಮಾತೂ ಚುಚ್ಚುಮಾತು. ಅಂಥದ್ದನ್ನು ಒಂದು ತಿಂಗಳು ನೋಡಿದ ಮೇಲೆ ಮನೆಯಲ್ಲಿ ಯಾರ ದನಿ ಬದಲಾಗುತ್ತದೆ ಅಂತ ನಿಮಗೆ ಗೊತ್ತು.

ಅವಳಿಗೆ ಕುರಿಯ ಪಾತ್ರ ಕೊಟ್ಟರೆ ಒಪ್ಪಲಿಲ್ಲ, ಡೈರೆಕ್ಟರ್ ಅಂದ ಮೇಲೆ ಒಪ್ಪಿದಳು. ಈಗ ನೋಟ್‌ಬುಕ್ ಇದೆ, ಯಾರು ಎಲ್ಲಿ ಮಾತಾಡಬೇಕು ಅಂತ ಅವಳೇ ಗುರುತು ಹಾಕುತ್ತಾಳೆ, ನನ್ನ ಗದಗಿನ ಮಾತು ಕಮ್ಮಿ ಆದರೆ ಬೈಯುತ್ತಾಳೆ. ಅದರ ಜೊತೆ ಶನಿವಾರ ಅವಳಿಗೋಸ್ಕರ ಅವತಾರ್: ದ ಲಾಸ್ಟ್ ಏರ್‌ಬೆಂಡರ್. 2005ರಿಂದ 2008ರವರೆಗಿನದ್ದು, ಒಟ್ಟು 61 ಎಪಿಸೋಡ್, ಮುಂದುವರಿಯುವ ಕಥೆ, ಶುರು ಮತ್ತು ಕೊನೆ ಎರಡೂ ಇದೆ. ಈ ವಯಸ್ಸಿಗೆ ಅದು ಮುಖ್ಯ, ಮುಗಿಯುವ ಕಥೆ ಕೊಡಿ. ವಾರಕ್ಕೆ ಎರಡೇ. ಒಂದು ಷರತ್ತು, ಹಾಕುವ ಮುಂಚೆ ಹಿಂದಿನ ವಾರದ ಕಥೆಯನ್ನು ತಮ್ಮನಿಗೆ ಕನ್ನಡದಲ್ಲಿ ಹೇಳಬೇಕು. ರಾಜಕುಮಾರ ಜೂಕೋ ಯಾಕೆ ಅಪ್ಪನಿಗೆ ಹೆದರುತ್ತಾನೆ ಅಂತ ಆರು ವರ್ಷದವನಿಗೆ ತಿಳಿಯುವ ಹಾಗೆ ಹೇಳುವುದು ಸುಲಭವಲ್ಲ. ಅವಳು ಹೇಳಿದ ರೀತಿ ಕೇಳಿ ನಮ್ಮವರು ಅಡುಗೆಮನೆಗೆ ಬಂದು "ಇವಳಿಗೆ ಇಷ್ಟೆಲ್ಲಾ ಅರ್ಥವಾಗುತ್ತಾ?" ಅಂದರು. ಆವತ್ತಿನಿಂದ ಅವರೂ ನಮ್ಮ ಕಡೆ.

ಲೆಕ್ಕ ಬೇಕು ಅನ್ನುವವರಿಗೆ: ಈಗ ಶಾಲೆ ದಿನ ಮುಕ್ಕಾಲು ಗಂಟೆ, ಶನಿವಾರ ಭಾನುವಾರ ಒಂದೂವರೆ ಗಂಟೆಯ ಆಸುಪಾಸು. ಕ್ರಿಕೆಟ್ ಇದ್ದರೆ ಈ ಲೆಕ್ಕ ಇಲ್ಲ. ಮಗನ ಹಿಂದಿ ಎದುರುತ್ತರ ಹೋಗಿದೆ, ಕನ್ನಡದಲ್ಲಿ ಕೊಡುತ್ತಾನೆ, ಗದಗಿನ ಧಾಟಿಯಲ್ಲಿ. ಖರ್ಚು ಹೊಸದಾಗಿ ಏನೂ ಇಲ್ಲ, ಮೊದಲಿದ್ದ ಒಂದು ಚಂದಾವನ್ನೂ ನಿಲ್ಲಿಸಿದ್ದೇನೆ. ನಾನು ಅಥವಾ ಅವರ ಅಪ್ಪ ಆ ಮುಕ್ಕಾಲು ಗಂಟೆ ಕೂರಲೇಬೇಕು, ಅದೇ ಇದರ ನಿಜವಾದ ಬೆಲೆ. ಆ ಹೊತ್ತಿನಲ್ಲಿ ಅಡುಗೆ ಮಾಡಿಕೊಳ್ಳುತ್ತೇನೆ ಅನ್ನುವವರಿಗೆ ಇದು ಕೆಲಸ ಮಾಡುವುದಿಲ್ಲ. ನಾನು ಸಾರು ಬೆಳಿಗ್ಗೆಯೇ ಮಾಡಿಡುತ್ತೇನೆ.

ಮಗ ಅಳದೆ ತಾನೇ ಎದ್ದು ಟಿವಿ ಆಫ್ ಮಾಡುತ್ತಾನೆ, ಅದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೊಂದು ಮಾತಿದೆ, ಕೊನೆಯ ದೃಶ್ಯದಲ್ಲಿ ಬಿಟ್ಜರ್ ಹೇಳುತ್ತಾನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಾದಿನಿಗೂ ಹೇಳಿಲ್ಲ.

ಸದ್ಯಕ್ಕೆ ಮಗಳು ಮಾಲ್ಗುಡಿ ಡೇಸ್ ಹಿಂದೆ ಬಿದ್ದಿದ್ದಾಳೆ. 1986–87ರಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ಹಿಂದಿ, ಇಂಗ್ಲಿಷಿನಲ್ಲಿ ಮಾಡಿದ್ದು. ಅದರ ಕಥೆಗಳನ್ನು ಬರೆದ ಆರ್. ಕೆ. ನಾರಾಯಣ್ ಅವರ ಯಾದವಗಿರಿಯ ಮನೆ ನೋಡಿ ಬಂದ ಮೇಲೆ ಅದರಲ್ಲಿನ ಹುಡುಗ ಸ್ವಾಮಿಗೆ ತಾನೇ ಕನ್ನಡ ಮಾತು ಬರೆಯುತ್ತೇನೆ ಅಂದಳು. ಲಾಕ್‌ಡೌನ್ ಸಮಯದಲ್ಲಿ ಅದು ಕನ್ನಡಕ್ಕೆ ಡಬ್ ಆಗಿ ಬಂದಿತ್ತು ಅಂದೆ, ತನ್ನದು ಮುಗಿಯುವವರೆಗೆ ಅದನ್ನು ಯಾರೂ ಹಾಕಬಾರದಂತೆ. ಮಾತಿರುವ ಶೋ ಆದ್ದರಿಂದ ಮ್ಯೂಟ್ ತೊಂದರೆ ಮತ್ತೆ ಬಂದಿದೆ, ಸಂಗೀತವನ್ನು ಬಾಯಲ್ಲೇ ಹಾಡುವ ಕೆಲಸ ನನ್ನ ಗಂಡನಿಗೆ ಬಿದ್ದಿದೆ. ಎರಡು ತಿಂಗಳಲ್ಲಿ ನಾಲ್ಕು ನಿಮಿಷದಷ್ಟು ಆಗಿದೆ. ಸ್ವಾಮಿಯ ಗೆಳೆಯ ರಾಜಂ ಪಾತ್ರಕ್ಕೆ ನಾದಿನಿಯ ಮಗನನ್ನು ಕೇಳಿದ್ದೇವೆ, ಪರೀಕ್ಷೆ ಮುಗಿಯಲಿ ಅಂದಿದ್ದಾಳೆ.