ಮುರುಕು ಗೋಡೆ ಕಟ್ಟುವ ಕೆಲಸ

ಯುದ್ಧದ ಡಯೋರಾಮಾದಲ್ಲಿ, ಅಂದರೆ ಒಂದು ದೃಶ್ಯವನ್ನು ಪುಟ್ಟ ಅಳತೆಯಲ್ಲಿ ಕಟ್ಟಿ ತೋರಿಸುವ ಮಾದರಿಯಲ್ಲಿ, ಟ್ಯಾಂಕು, ಸೈನಿಕರು ಎಷ್ಟೇ ಅಚ್ಚುಕಟ್ಟಾಗಿರಲಿ, ಹಿಂದೆ ನಿಂತ ಮುರುಕು ಕಟ್ಟಡ ಸುಳ್ಳಾಗಿ ಕಂಡರೆ ಇಡೀ ದೃಶ್ಯ ಕೆಡುತ್ತದೆ. ಎಷ್ಟೋ ಮಾದರಿಗಳಲ್ಲಿ ಗೋಡೆಯ ಮೇಲಂಚನ್ನು ಗರಗಸದ ಹಲ್ಲಿನ ಹಾಗೆ ಕತ್ತರಿಸಿ, ಕೆಳಗೆ ಒಂದು ಹಿಡಿ ಇಟ್ಟಿಗೆ ಚೂರು ಉದುರಿಸಿರುತ್ತಾರೆ. ನೋಡಿದ ತಕ್ಷಣ ಗೊತ್ತಾಗುತ್ತದೆ: ಈ ಗೋಡೆಯನ್ನು ಯಾವುದೂ ಕೆಡವಿಲ್ಲ, ಕತ್ತರಿ ಕತ್ತರಿಸಿದೆ. ಈ ಗೋಡೆಯನ್ನು ಕೆಡವಿದ್ದು ಏನು, ಬಿದ್ದದ್ದು ಎಲ್ಲಿ ಹೋಯಿತು ಅನ್ನುವುದು ಮುರುಕಿನಲ್ಲೇ ಕಾಣಬೇಕು. ನನ್ನ ಕೆಲಸವೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ನಡೆಯುತ್ತದೆ.

ನಾನಿರುವುದು ರಾಯಚೂರಿನಲ್ಲಿ. ಹಗಲು ಮನೆಗಳ ನಕ್ಷೆ ಹಾಕುವುದು ಹೊಟ್ಟೆಪಾಡು, ರಾತ್ರಿ ಊಟವಾದ ಮೇಲೆ ಇದು. ನಕ್ಷೆಯ ಕೆಲಸದಿಂದ ಬಂದ ಒಂದು ಅಭ್ಯಾಸವನ್ನು ಬಿಟ್ಟಿಲ್ಲ: ಕೆಡವುವ ಕಟ್ಟಡವನ್ನೂ ಮೊದಲು ಪೂರ್ತಿ ಕಟ್ಟಡವಾಗಿ ಕಾಗದದ ಮೇಲೆ ಬರೆಯುತ್ತೇನೆ. ತೊಲೆ ಎಲ್ಲಿ ಕೂತಿದೆ, ಮಹಡಿಯ ಭಾರ ಯಾವ ಗೋಡೆಗೆ ಇಳಿಯುತ್ತದೆ, ಮೆಟ್ಟಿಲು ಎಲ್ಲಿ ಹತ್ತುತ್ತದೆ ಎಲ್ಲ ಗುರುತು ಮಾಡುತ್ತೇನೆ. ಆಮೇಲೆ ಕೆಂಪು ಪೆನ್ಸಿಲ್ ತೆಗೆದುಕೊಂಡು, ಶೆಲ್, ಅಂದರೆ ಫಿರಂಗಿಯ ಸಿಡಿಗುಂಡು, ಎಲ್ಲಿ ಬಿತ್ತು ಎಂದು ಒಂದು ಚುಕ್ಕೆ ಇಡುತ್ತೇನೆ. ಅಲ್ಲಿಂದ ಮುಂದೆ ಏನೇನು ನಿಲ್ಲುವುದಿಲ್ಲ ಅನ್ನುವುದು ತಾನಾಗಿಯೇ ಗೊತ್ತಾಗುತ್ತ ಹೋಗುತ್ತದೆ.

ಮಾಡಿದವುಗಳಲ್ಲಿ ದೊಡ್ಡದು ರಷ್ಯಾದ ವೋಲ್ಗಾ ನದಿ ತೀರದ ಸ್ತಾಲಿನ್‌ಗ್ರಾಡ್‌ನ ಒಂದು ಬೀದಿ ಮೂಲೆ, ಎರಡನೇ ಮಹಾಯುದ್ಧದ, 1942ರ ಶರತ್ಕಾಲದ್ದು. ಅಳತೆ 1/35. ಮಿಲಿಟರಿ ಮಾಡೆಲ್‌ಗಳಲ್ಲಿ ಹೆಚ್ಚು ಬಳಕೆಯ ಅಳತೆ ಇದೇ, ಜಪಾನಿನ ಟಮಿಯಾ ಕಂಪನಿಯ ಟ್ಯಾಂಕು-ಸೈನಿಕರು ಹೆಚ್ಚಾಗಿ ಇದರಲ್ಲೇ ಬರುತ್ತಾರೆ. 175 ಸೆಂ.ಮೀ. ಎತ್ತರದ ಮನುಷ್ಯ ಇಲ್ಲಿ ಸರಿಯಾಗಿ 5 ಸೆಂ.ಮೀ. ಆಗುತ್ತಾನೆ. ಮೂರು ಮೀಟರಿನ ಒಂದು ಅಂತಸ್ತು ಎಂಟೂವರೆ ಸೆಂ.ಮೀ.ಗೆ ಬರುತ್ತದೆ. ಎರಡೂವರೆ ಅಂತಸ್ತು ಎಬ್ಬಿಸಿದರೆ ಸಾಕು, ಕಟ್ಟಡ ಸೈನಿಕರ ಮೇಲೆ ದೊಡ್ಡದಾಗಿ ನಿಲ್ಲುತ್ತದೆ.

ಇಟ್ಟಿಗೆಯ ಅಳತೆಯಲ್ಲಿ ನಾನು ರಾಜಿಯಾಗುವುದಿಲ್ಲ. ಸೋವಿಯತ್ ಇಟ್ಟಿಗೆ 250×120×65 ಮಿ.ಮೀ., ಅಂದರೆ ಮಾದರಿಯಲ್ಲಿ 7.1×3.4×1.9 ಮಿ.ಮೀ. ಗಾರೆಯ ಸಂದು ಒಂದು ಸೆಂ.ಮೀ. ಹಿಡಿದರೆ ಪ್ರತಿ ವರಸೆ 2.1 ಮಿ.ಮೀ. ನಮ್ಮ ಕಡೆಯ ಗೂಡಿನ ಇಟ್ಟಿಗೆ ಇದಕ್ಕಿಂತ ಗಿಡ್ಡ, ದಪ್ಪ. ಅದೇ ಅಂದಾಜಿನಲ್ಲಿ ಗೆರೆ ಎಳೆದರೆ ರಷ್ಯಾದ ಗೋಡೆ ರಾಯಚೂರಿನ ಕಾಂಪೌಂಡ್ ಗೋಡೆಯಾಗುತ್ತದೆ. ಗೋಡೆಯ ದಪ್ಪ ಇನ್ನೂ ಮುಖ್ಯ. ಅಲ್ಲಿನ ಚಳಿಗೆ ಹೊರಗೋಡೆಯನ್ನು ಎರಡೂವರೆ ಇಟ್ಟಿಗೆ ದಪ್ಪಕ್ಕೆ, ಅಂದರೆ 64 ಸೆಂ.ಮೀ.ಗೆ ಕಟ್ಟುವುದು ರೂಢಿ. ಮಾದರಿಯಲ್ಲಿ ಅದು 18 ಮಿ.ಮೀ. ಮುರಿದ ಅಂಚಿನಲ್ಲಿ ಅಷ್ಟು ದಪ್ಪ ಎದ್ದು ಕಂಡರೆ ಮಾತ್ರ ಆ ಗೋಡೆಗೆ ತೂಕ ಬರುತ್ತದೆ.

ಗೋಡೆ ಹೇಗೆ ಬೀಳುತ್ತದೆ ಎಂದು ಕಲಿಯಲು ನಾನು ವೋಲ್ಗಾ ತೀರಕ್ಕೆ ಹೋಗಬೇಕಾಗಲಿಲ್ಲ. ನಮ್ಮಲ್ಲಿ ರಸ್ತೆ ಅಗಲ ಮಾಡುವಾಗ ಹಳೇ ಮನೆಗಳನ್ನು ಅರ್ಧಕ್ಕೆ ಕೊಯ್ದುಬಿಡುತ್ತಾರೆ. ಉಳಿದ ಅರ್ಧ ರಸ್ತೆಗೆ ಮುಖ ಮಾಡಿ ತೆರೆದು ನಿಂತಿರುತ್ತದೆ: ಮೇಲಿನ ಕೋಣೆಗೆ ಹಸಿರು ಸುಣ್ಣ, ಕೆಳಗಿನದಕ್ಕೆ ನೀಲಿ, ಗೋಡೆಯಲ್ಲಿ ಮಾಡು, ಮಾಡಿನಲ್ಲಿ ದೀಪದ ಮಸಿ, ಕ್ಯಾಲೆಂಡರ್ ತೂಗುಹಾಕಿದ್ದ ಮೊಳೆಯ ಕೆಳಗೆ ಬಣ್ಣ ಮಾಸದ ಒಂದು ಚೌಕ. ಜಂತಿ ಕಿತ್ತ ಕಡೆ ಗೋಡೆಯಲ್ಲಿ ಸಾಲಾಗಿ ಚೌಕಾಕಾರದ ತೂತು. ಬಾಂಬು ಬಿದ್ದು ಮುಂಗೋಡೆ ಕಳಚಿದ ಮನೆಯ ಫೋಟೋದಲ್ಲಿ ಕಾಣುವುದೂ ಇದನ್ನೇ. ಇಂಥ ಕಡೆ ನಿಂತು ಫೋಟೋ ತೆಗೆಯುತ್ತೇನೆ, ಟೇಪು ಹಿಡಿದು ತೂತಿನ ಅಳತೆ ಬರೆದುಕೊಳ್ಳುತ್ತೇನೆ. ಮನೆಯವರು ಅಲ್ಲಿದ್ದರೆ ಕೇಳಿಯೇ ತೆಗೆಯುತ್ತೇನೆ, ಅವರ ಮನೆ ಅದು.

ಕೆಡವುವ ಕೆಲಸದ ಒಬ್ಬ ಹಿರಿಯ ಮೇಸ್ತ್ರಿಯನ್ನು ಕೇಳಿದ್ದೆ, ಮೊದಲು ಎಲ್ಲಿಗೆ ಹಾರೆ ಹಾಕ್ತೀರಿ ಅಂತ.

"ಮೂಲಿಗಿ ಕೈ ಹಚ್ಚಂಗಿಲ್ರಿ ಸರ್. ನಡಬರಕ ಕಿಡಕಿ ಇರ್ತದಲ್ರಿ, ಅಲ್ಲಿಂದ ಸುರು. ಮೂಲಿ ಎರಡೂ ಗ್ವಾಡಿ ಹಿಡ್ಕೊಂಡು ನಿಂತಿರ್ತದ, ಕಡೀಕ ಬೀಳ್ತದ."

ನಾನು ಓದಿದ ಯಾವ ಪುಸ್ತಕಕ್ಕಿಂತ ಈ ಮಾತು ಹೆಚ್ಚು ಕೆಲಸಕ್ಕೆ ಬಂದಿದೆ. ಎರಡು ಗೋಡೆ ಕೂಡುವ ಮೂಲೆ ಒಂದಕ್ಕೊಂದು ಆಸರೆಯಾಗಿ ಎತ್ತರಕ್ಕೆ ನಿಲ್ಲುತ್ತದೆ, ಕಿಟಕಿಗಳ ನಡುವಿನ ಭಾಗ ಮೊದಲು ಜಾರುತ್ತದೆ. ಬಿರುಕು ಕಿಟಕಿಯ ಮೂಲೆಯಿಂದ ಹೊರಟು ಗಾರೆಯ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಏರುತ್ತದೆ. ಇಟ್ಟಿಗೆಯ ನಡುವೆ ಸೀಳಿಕೊಂಡು ಹೋಗುವುದು ಕಡಿಮೆ. ಹಾಗಾಗಿ ಮೇಲಂಚು ಅಡ್ಡಾದಿಡ್ಡಿ ಹಲ್ಲಾಗಿರದೆ ಅರ್ಧ ಇಟ್ಟಿಗೆ, ಒಂದು ಇಟ್ಟಿಗೆ ಹೀಗೆ ಮೆಟ್ಟಿಲಾಗಿ ಇಳಿಯಬೇಕು.

ಇನ್ನು ಕಟ್ಟುವ ಕೆಲಸ. ಗೋಡೆಯ ಒಡಲಿಗೆ ಫ್ಲೆಕ್ಸ್ ಅಂಗಡಿಯಲ್ಲಿ ಸಿಗುವ ಹಗುರ ಪ್ಲಾಸ್ಟಿಕ್ ಹಲಗೆ, 5 ಮಿ.ಮೀ. ಸನ್‌ಬೋರ್ಡ್ ಎರಡು ಪದರ, ಎರಡೂ ಮೈಗೆ 4 ಮಿ.ಮೀ. ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಹಲಗೆ. ಪಿಒಪಿಯನ್ನು ಗಾಜಿನ ಮೇಲೆ, ನಾಲ್ಕು ಕಡೆ ಪಟ್ಟಿ ಕಟ್ಟಿ ಹುಯ್ಯುತ್ತೇನೆ. ಮುರಿಯಬೇಕಾದ ಭಾಗದಲ್ಲಿ ಮಾತ್ರ ಸನ್‌ಬೋರ್ಡ್ ಬಿಟ್ಟು ಪೂರ್ತಿ 18 ಮಿ.ಮೀ. ಪಿಒಪಿಯನ್ನೇ ಹುಯ್ಯಬೇಕು, ಇಲ್ಲದಿದ್ದರೆ ಒಡೆದ ಕಡೆ ಬಿಳಿ ಪ್ಲಾಸ್ಟಿಕ್ ಇಣುಕುತ್ತದೆ. ಥರ್ಮಾಕೋಲ್ ಅಗ್ಗ ನಿಜ, ಆದರೆ ಸ್ಪ್ರೇ ಪೇಂಟ್ ತಾಗಿದರೆ ಕರಗುತ್ತದೆ, ಗೆರೆಯೂ ಚೂಪಾಗಿ ಏಳುವುದಿಲ್ಲ.

ಪಿಒಪಿ ಗಟ್ಟಿಯಾಗಿ ಇನ್ನೂ ತಣ್ಣಗೆ, ಒದ್ದೆಯಾಗಿ ಇರುವಾಗಲೇ ಇಟ್ಟಿಗೆಯ ಗೆರೆ ಕೊರೆಯಬೇಕು. ಆಗ ಸೂಜಿ ಬೆಣ್ಣೆ ಕೊಯ್ದಷ್ಟು ಸಲೀಸಾಗಿ ಹೋಗುತ್ತದೆ. ರಾಯಚೂರಿನ ಏಪ್ರಿಲ್-ಮೇ ಬಿಸಿಲಲ್ಲಿ ಆ ಹೊತ್ತು ಬೇಗ ಜಾರುತ್ತದೆ, ಒದ್ದೆ ಬಟ್ಟೆ ಹೊದಿಸಿ ಇಟ್ಟು ಸ್ವಲ್ಪ ಸ್ವಲ್ಪವೇ ತೆರೆದು ಕೊರೆಯುತ್ತೇನೆ. ಕೊರೆಯಲು ಹಲ್ಲಿನ ಡಾಕ್ಟರು ಬಳಸಿ ಬಿಟ್ಟ ಕೊಕ್ಕೆಸೂಜಿಗಿಂತ ಒಳ್ಳೆಯ ಆಯುಧ ಇನ್ನೊಂದಿಲ್ಲ. ಮೊದಲು ಅಡ್ಡಗೆರೆ ಎಲ್ಲ, 2.1 ಮಿ.ಮೀ.ಗೆ ಒಂದು. ಆಮೇಲೆ ಉದ್ದ ಇಟ್ಟಿಗೆ, ಅಡ್ಡ ಇಟ್ಟಿಗೆ ಲೆಕ್ಕ ಹಾಕಿ ನಿಲುಗೆರೆ. ಇದು ತಾಳ್ಮೆಯ ಕೆಲಸ, ಇದನ್ನು ಚಿಕ್ಕದು ಮಾಡುವ ದಾರಿ ನನಗೆ ಬೇಕಾಗಿಯೂ ಇಲ್ಲ. ಗೋಡೆ ನನ್ನ ಕೈಗೆ ಪರಿಚಯವಾಗುವುದೇ ಈ ಹೊತ್ತಿನಲ್ಲಿ.

ಒಡೆಯುವಾಗ ಸುತ್ತಿಗೆ ಬೇಡ. ಬಿರುಕಿನ ದಾರಿಯನ್ನು ಗೆರೆಯಲ್ಲೇ ಆಳವಾಗಿ ಕೊರೆದು, ಇಕ್ಕಳದಲ್ಲಿ ಹಿಡಿದು ಮುರಿದರೆ ಪಿಒಪಿ ಗೆರೆ ಹಿಡಿದೇ ಬಿಡುತ್ತದೆ. ಅಂಚಿಗೆ ಬಿಡಿಬಿಡಿಯಾಗಿ ಕತ್ತರಿಸಿದ ಇಟ್ಟಿಗೆಗಳನ್ನು ಫೆವಿಕಾಲ್‌ನಲ್ಲಿ ಅಂಟಿಸುತ್ತೇನೆ, ಕೆಲವು ಸಡಿಲಾಗಿ ವಾಲಿದ ಹಾಗೆ. ಜಂತಿಗೆ ಐಸ್‌ಕ್ರೀಮ್ ಕಡ್ಡಿ. ಮರ ಮುರಿದದ್ದು ಕಾಣಬೇಕಾದರೆ ಕಟರ್ ಮುಟ್ಟಿಸಬಾರದು, ಅರ್ಧ ಆಳ ಗೀರಿ ಕೈಯಲ್ಲೇ ಲಟಕ್ಕನೆ ಮುರಿಯಬೇಕು. ಒಳಗಿನ ತೆಳು ಗೋಡೆಯ ಗಿಲಾವು ಉದುರಿದ ಕಡೆ ಕಾಣುವ ಮರದ ಪಟ್ಟಿಗಳಿಗೆ ಊದಿನಕಡ್ಡಿಯ ಬಿದಿರನ್ನು ಸೀಳಿ ಹಚ್ಚುತ್ತೇನೆ. ಜಂತಿಯ ಒಂದು ತುದಿ ಇನ್ನೂ ಗೋಡೆಯ ತೂತಿನಲ್ಲಿ ಕೂತು, ಇನ್ನೊಂದು ನೆಲಕ್ಕೆ ಇಳಿದಿರಬೇಕು. ಮಹಡಿ ಬೀಳುವುದು ಬಹಳ ಸಲ ಹಾಗೆಯೇ.

ಬೆಂಕಿಯೂ ಶೆಲ್ಲೂ ಮಾಡುವ ಹಾಳು ಬೇರೆ ಬೇರೆ. 1942ರ ಆಗಸ್ಟ್ 23ರಂದು ಜರ್ಮನ್ ವಿಮಾನಗಳು ಸ್ತಾಲಿನ್‌ಗ್ರಾಡ್ ಮೇಲೆ ಬಾಂಬು ಸುರಿದಾಗ ಮರದ ಮನೆಗಳ ಕೇರಿಗಳು ಸುಟ್ಟು, ಇಟ್ಟಿಗೆಯ ಚಿಮಣಿಗಳಷ್ಟೇ ಸಾಲಾಗಿ ನಿಂತವು. ಇಟ್ಟಿಗೆ ಕಟ್ಟಡಕ್ಕೆ ಬೆಂಕಿ ಹತ್ತಿದರೆ ಚಾವಣಿ, ಮಹಡಿ, ಕಿಟಕಿ ಎಲ್ಲ ಹೋಗಿ ನಾಲ್ಕು ಗೋಡೆ ಖಾಲಿ ಉಳಿಯುತ್ತವೆ. ಪ್ರತಿ ಕಿಟಕಿಯ ಮೇಲೆ ಮಸಿ ನಾಲಗೆ ಚಾಚಿರುತ್ತದೆ. ಶೆಲ್ ಬಿದ್ದರೆ ಗೋಡೆಯಲ್ಲೇ ಹೊಂಡ, ಹೊಂಡದ ಸುತ್ತ ಇಟ್ಟಿಗೆ ಚಕ್ಕೆ ಎದ್ದು ಹೊಸ ಕೆಂಪು ಕಾಣುತ್ತದೆ. ಅದೇ ಊರಾದ ಇಂದಿನ ವೋಲ್ಗೊಗ್ರಾಡ್‌ನಲ್ಲಿ, ಸೋವಿಯತ್ ಸೈನಿಕರು ಹಿಡಿದು ಕಾದ ಪಾವ್ಲೊವ್ ಮನೆಯ ಎದುರಿಗೆ, ಕೆಂಪಿಟ್ಟಿಗೆಯ ಹಿಟ್ಟಿನ ಗಿರಣಿಯೊಂದನ್ನು ಯುದ್ಧ ಮುಗಿದಾಗ ಹೇಗಿತ್ತೋ ಹಾಗೆಯೇ ಉಳಿಸಿಕೊಂಡಿದ್ದಾರೆ. ಅದರ ಫೋಟೋಗಳನ್ನು ಮೇಜಿನ ಮುಂದೆ ಅಂಟಿಸಿಕೊಂಡೇ ನಾನು ಬಣ್ಣ ಹಚ್ಚುವುದು. ಮೊದಲು ಮಾಸಿದ ಕಂದು ಕೆಂಪು, ಅದರ ಮೇಲೆ ಮಸಿ, ಕೊನೆಗೆ ಹೊಂಡಗಳಲ್ಲಿ ಮಾತ್ರ ತಿಳಿ ಕಿತ್ತಳೆ. ಈ ಕ್ರಮ ತಿರುವುಮುರುವಾದರೆ ಕಟ್ಟಡ ಮೊದಲು ಒಡೆದು ಆಮೇಲೆ ಸುಟ್ಟ ಕತೆ ಹೇಳುತ್ತದೆ.

ಬಿದ್ದ ಇಟ್ಟಿಗೆಯ ಲೆಕ್ಕವನ್ನೂ ಇಡುತ್ತೇನೆ. 15 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ಭಾಗ ಹೋಗಿದ್ದರೆ, 18 ಮಿ.ಮೀ. ದಪ್ಪಕ್ಕೆ 270 ಘನ ಸೆಂ.ಮೀ. ಆಗುತ್ತದೆ. ಬಿಡಿಯಾಗಿ ಬಿದ್ದದ್ದು ಅದಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ, ಸುಮಾರು ಒಂದೂವರೆ ಪಟ್ಟು. ಅಷ್ಟು ರಾಶಿ ಗೋಡೆಯ ಬುಡದಲ್ಲಿ ಒಳಗೂ ಹೊರಗೂ ಇರಲೇಬೇಕು, ಇಲ್ಲವೆಂದರೆ ಯಾರೋ ಅದನ್ನು ಬದಿಗೆ ಸರಿಸಿ ದಾರಿ ಮಾಡಿದ ಗುರುತು ಕಾಣಬೇಕು. ರಾಶಿಯಲ್ಲೂ ಒಂದು ಕ್ರಮವಿದೆ: ಮೇಲಿಂದ ಕುಸಿದ ಮರ, ತಗಡು ಕೆಳಗೆ ಸಿಕ್ಕಿಕೊಂಡಿರುತ್ತದೆ, ಆಮೇಲೆ ಬಿದ್ದ ಗೋಡೆಯ ಇಟ್ಟಿಗೆ ಅದರ ಮೇಲೆ. ಸುಣ್ಣದ ಗಾರೆಯ ಗೋಡೆಯಾದರೆ ಇಟ್ಟಿಗೆ ಬಿಡಿಬಿಡಿಯಾಗಿ ಕಳಚುತ್ತದೆ, ಸಿಮೆಂಟಿನದಾದರೆ ಹೆಂಟೆ ಹೆಂಟೆಯಾಗಿ ಬೀಳುತ್ತದೆ. ಎಲ್ಲದರ ಮೇಲೆ ದೂಳು. ದೂಳಿಗೆ ನಮ್ಮೂರಲ್ಲಿ ಬರವಿಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ತಿಳಿ ಬೂದು ಬಣ್ಣದ್ದು, ಎಷ್ಟು ನಯವೆಂದರೆ 1/35 ಅಳತೆಗೂ ಕಾಳಾಗಿ ಕಾಣುವುದಿಲ್ಲ. ಇಟ್ಟಿಗೆ ಮಾಡುವವರ ಬಳಿ ಸಿಗುತ್ತದೆ. ಮಸಿಗೆ ಅಕ್ಕಿ ಗಿರಣಿಯ ಹೊಟ್ಟಿನ ಬೂದಿ. ಎರಡನ್ನೂ ಬಟ್ಟೆಯಲ್ಲಿ ಸೋಸಿ, ಒಣ ಬ್ರಷ್‌ನಲ್ಲಿ ಉದುರಿಸಿ, ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಸಿಂಪಡಿಸಿದರೆ ಕೂತುಬಿಡುತ್ತದೆ. ಮಾಸ್ಕ್ ಹಾಕದೆ ಈ ಬೂದಿಗೆ ಕೈ ಹಾಕಬೇಡಿ, ಎದೆಗೆ ಒಳ್ಳೆಯದಲ್ಲ.

ಈಗ ಮೇಜಿನ ಮೇಲಿರುವುದು ನಮ್ಮದೇ ಊರಿನ ಗೋಡೆ: 1520ರ ರಾಯಚೂರು ಮುತ್ತಿಗೆ, ಕೃಷ್ಣದೇವರಾಯ ಆದಿಲ್‌ಶಾಹಿ ಕೈಯಿಂದ ಕೋಟೆ ಕಿತ್ತುಕೊಂಡದ್ದು. ಇಲ್ಲಿ 1/72 ಅಳತೆ ಹಿಡಿದಿದ್ದೇನೆ, ಕಾರಣ ಕಲ್ಲುಗಳ ಗಾತ್ರ. ಒಳಕೋಟೆಯಲ್ಲಿ 1294ರ ಶಾಸನವಿರುವ ಒಂದು ಕಲ್ಲೇ 41 ಅಡಿ ಉದ್ದ. 1/35ರಲ್ಲಿ ಆ ಒಂದು ಕಲ್ಲಿಗೇ 36 ಸೆಂ.ಮೀ. ಬೇಕು, 1/72ರಲ್ಲಿ 17ಕ್ಕೆ ಮುಗಿಯುತ್ತದೆ.

ಈ ಗೋಡೆ ಬಿದ್ದ ಬಗೆಯೇ ಬೇರೆ. ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಬರೆದಿಟ್ಟ ಪ್ರಕಾರ, ಕೋಟೆಯ ಗೋಡೆ ಸುಣ್ಣವಿಲ್ಲದೆ ದೊಡ್ಡ ಕಲ್ಲು ಜೋಡಿಸಿದ್ದು, ಒಳಗೆ ಮಣ್ಣು ತುಂಬಿದ್ದು. ವಿಜಯನಗರದ ಆಳುಗಳು ಬುಡಕ್ಕೆ ನುಗ್ಗಿ ಕಲ್ಲು ಕೀಳುತ್ತಿದ್ದರು. ಕಿತ್ತ ಕಲ್ಲಿಗೆ ನಾಯಕರು ಹಣ ಕೊಡುತ್ತಿದ್ದರು, ಕಲ್ಲಿನ ಗಾತ್ರ ನೋಡಿ 10ರಿಂದ 50 ಪಣದವರೆಗೆ (ಪಣ ಆಗಿನ ಒಂದು ನಾಣ್ಯ). ಕ್ರಿಸ್ತೊವಾವೊ ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಬಂದೂಕಿನವರೂ ಮೇಲಿನ ಕಾವಲಿನವರು ತಲೆ ಎತ್ತದ ಹಾಗೆ ಗುಂಡು ಹಾರಿಸಿದ್ದರಿಂದ ಈ ಕೆಲಸ ಸುಲಭವಾಯಿತು. ಕೊನೆಗೆ ಕೋಟೆಯ ಮುಖ್ಯಸ್ಥನೇ ಇಣುಕಿದಾಗ ಗುಂಡು ತಾಗಿ ಸತ್ತ, ಕೋಟೆ ಶರಣಾಯಿತು.

ಅಂದರೆ ಇಲ್ಲಿ ಮಸಿ ಇಲ್ಲ, ಶೆಲ್ಲಿನ ಹೊಂಡ ಇಲ್ಲ. ಗೋಡೆ ಬುಡದಿಂದ ಮೇಲಕ್ಕೆ ತೆರೆದುಕೊಳ್ಳಬೇಕು. ಗಾರೆ ಇಲ್ಲದ್ದರಿಂದ ಪ್ರತಿ ಕಲ್ಲನ್ನೂ ಬೇರೆಯಾಗಿಯೇ ಹುಯ್ದು, ಉಜ್ಜಿ, ಅಂಟಿಲ್ಲದೆ ಒಂದರ ಮೇಲೊಂದು ಕೂರಿಸಿದ್ದೇನೆ. ಹಿಂದೆ ಸೋಸಿದ ಮರಂ ಮಣ್ಣು ತುಂಬಿ, ಬುಡದ ಕಲ್ಲುಗಳನ್ನು ಕೊಕ್ಕೆಸೂಜಿಯಲ್ಲಿ ಮೀಟಿ ಎಳೆದೆ. ಮಣ್ಣು ತಾನೇ ಜಾರಿ ಹೊರಗೆ ಇಳಿಜಾರಾಗಿ ನಿಂತಿತು, ಮೇಲಿನ ಎರಡು ಕಲ್ಲು ವಾಲಿ ಅದರಲ್ಲಿ ಅರ್ಧ ಹೂತವು. ನಾನು ಕೂತು ಯೋಚಿಸಿದ್ದರೂ ಅಷ್ಟು ಸರಿಯಾಗಿ ಜೋಡಿಸಲು ಆಗುತ್ತಿರಲಿಲ್ಲ. ಅದನ್ನು ಅಲುಗಿಸದೆ ತೆಳು ಫೆವಿಕಾಲ್ ನೀರನ್ನು ಸಿರಿಂಜಿನಲ್ಲಿ ಹನಿ ಹನಿ ಬಿಟ್ಟು ಹಿಡಿಸಿದ್ದೇನೆ.

ಕಿತ್ತ ಕಲ್ಲುಗಳನ್ನು ಮಾತ್ರ ಬುಡದಲ್ಲಿ ಬಿಟ್ಟಿಲ್ಲ. ಕಲ್ಲಿಗೆ ಹಣ ಸಿಗುವಾಗ ಯಾರೂ ಅದನ್ನು ಅಲ್ಲೇ ಬಿಟ್ಟು ಹೋಗುವುದಿಲ್ಲ. ಹೊರಬಹುದಾದದ್ದನ್ನು ಹೊತ್ತು, ಆಗದ್ದನ್ನು ಹಗ್ಗ ಕಟ್ಟಿ ಎಳೆದು ನಾಯಕನ ಮುಂದೆ ತಂದಿರುತ್ತಾರೆ. ಹಾಗಾಗಿ ಗೋಡೆಯ ಬುಡದಲ್ಲಿ ಮಣ್ಣೇ ಹೆಚ್ಚು, ಕಲ್ಲು ಕಡಿಮೆ. ಕಲ್ಲುಗಳಿರುವುದು ಮಾದರಿಯ ಇನ್ನೊಂದು ತುದಿಯಲ್ಲಿ, ಗಾತ್ರದ ಪ್ರಕಾರ ಸಾಲು ಹಚ್ಚಿ. ನಡುವೆ ಎಳೆದ ಜಾಡು. ಕಲ್ಲು ಹೊರುವ ಆಳು 1/72ರ ಯಾವ ಪೆಟ್ಟಿಗೆಯಲ್ಲೂ ನನಗೆ ಸಿಕ್ಕಿಲ್ಲ. ಬೇರೆ ಬೇರೆ ಸೆಟ್‌ಗಳ ಸೈನಿಕರ ಈಟಿ ಕತ್ತರಿಸಿ, ಬಿಸಿ ನೀರಿನಲ್ಲಿ ಅದ್ದಿ ತೋಳು ಬಗ್ಗಿಸಿ, ಎಂ-ಸೀಲ್‌ನಲ್ಲಿ ರುಮಾಲು, ಧೋತ್ರ ಕೂರಿಸಿ ಒಬ್ಬೊಬ್ಬರನ್ನೇ ಮಾಡುತ್ತಿದ್ದೇನೆ.