ಬೂದಿಯ ಲೆಕ್ಕ, ಪ್ರೋಟೀನಿನ ಲೆಕ್ಕ: ಜರ್ಮನ್ ಬೇಕಿಂಗ್ ಅನುವಾದದ ನನ್ನ ಅನುಭವ

ಜರ್ಮನ್ ಪಾಕಪುಸ್ತಕವೊಂದನ್ನು ಇಂಗ್ಲಿಷಿಗೆ ತರುವ ಕೆಲಸ ಬಂದಾಗ ನಾನು ಮೊದಲು ವಿಚಾರಿಸುವುದು ಪುಟಗಳ ಸಂಖ್ಯೆಯನ್ನಲ್ಲ, ಗಡುವನ್ನೂ ಅಲ್ಲ. ಓದುಗರು ಯಾವ ದೇಶದ ಅಂಗಡಿಯಲ್ಲಿ ಸಾಮಾನು ಕೊಳ್ಳುತ್ತಾರೆ ಎಂದು ಕೇಳುತ್ತೇನೆ. ‘ಇಂಗ್ಲಿಷ್ ಬಲ್ಲವರೆಲ್ಲ’ ಎಂಬ ಉತ್ತರ ಬಂದರೆ ಮತ್ತೊಮ್ಮೆ ಕೇಳುತ್ತೇನೆ. ಲಂಡನ್ನಿನವರು ಐಸಿಂಗ್ ಶುಗರ್ ಎನ್ನುವುದನ್ನು ಷಿಕಾಗೋದವರು ಪೌಡರ್ಡ್ ಶುಗರ್ ಎನ್ನುತ್ತಾರೆ. ಇದು ಹೆಸರಿನ ವ್ಯತ್ಯಾಸ, ನಿಭಾಯಿಸಬಹುದು. ಆದರೆ ಹಿಟ್ಟು, ಕೆನೆಗಳ ವಿಷಯದಲ್ಲಿ ವಸ್ತುವೇ ಬೇರೆ. ಒಪ್ಪಂದಪತ್ರದಲ್ಲಿ ಪದವೊಂದು ಜಾರಿದರೆ ವಕೀಲರು ಸರಿಪಡಿಸಿಕೊಳ್ಳುತ್ತಾರೆ. ಪಾಕದಲ್ಲಿ ಜಾರಿದರೆ ಯಾರದೋ ಮನೆಯ ಒಲೆಯಲ್ಲಿ ಕೇಕಿನ ನಡುಭಾಗ ಕುಸಿಯುತ್ತದೆ, ಬೈಗುಳವೆಲ್ಲ ಲೇಖಕಿಗೆ ಹೋಗುತ್ತದೆ.

ನನ್ನ ಸಮಯವನ್ನು ಅತಿ ಹೆಚ್ಚು ತಿನ್ನುವುದು ಹಿಟ್ಟು. ಜರ್ಮನಿಯ ಗೋಧಿ ಹಿಟ್ಟಿನ ಪೊಟ್ಟಣದ ಮೇಲೆ ಟೈಪ್ 405, 550, 812, 1050, 1600 ಎಂಬ ಅಂಕಿಗಳಿರುತ್ತವೆ. ಹಿಟ್ಟನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ, ತೇವಾಂಶ ಕಳೆದ ನೂರು ಗ್ರಾಂ ಹಿಟ್ಟಿಗೆ ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತದೆಯೋ ಅದೇ ಆ ಅಂಕಿ. ಬಿಳಿ ತಿರುಳು ಸುಟ್ಟುಹೋಗುತ್ತದೆ, ಹೊಟ್ಟಿನಲ್ಲಿರುವ ಖನಿಜಗಳು ಉಳಿಯುತ್ತವೆ. ಹಾಗಾಗಿ ಅಂಕಿ ಏರಿದಂತೆ ಹಿಟ್ಟು ಕಪ್ಪಾಗುತ್ತದೆ. ಇಂಗ್ಲಿಷ್ ಪುಸ್ತಕಗಳ ಲೆಕ್ಕ ಇದಲ್ಲ. ಅಲ್ಲಿ ಕೇಕ್ ಫ್ಲೋರ್, ಆಲ್ ಪರ್ಪಸ್, ಬ್ರೆಡ್ ಫ್ಲೋರ್ ಎಂದು ವಿಂಗಡಿಸುವುದು ಮುಖ್ಯವಾಗಿ ಪ್ರೋಟೀನಿನ ಮೇಲೆ, ಅಂದರೆ ನಾದಿದಾಗ ಎಷ್ಟು ಜಿಗಿ ಬರುತ್ತದೆ ಎಂಬುದರ ಮೇಲೆ. ಒಬ್ಬರು ಬೂದಿ ಅಳೆಯುತ್ತಾರೆ, ಇನ್ನೊಬ್ಬರು ಜಿಗಿ ಅಳೆಯುತ್ತಾರೆ. ಇವೆರಡನ್ನೂ ಎದುರುಬದುರು ಕೂರಿಸಿದ ಕೋಷ್ಟಕಗಳು ಎಲ್ಲೆಡೆ ಸಿಗುತ್ತವೆ. ನಾನು ಅವನ್ನು ನಂಬುವುದಿಲ್ಲ.

ಬದಲಿಗೆ, ಈ ಪಾಕದಲ್ಲಿ ಹಿಟ್ಟು ಏನು ಕೆಲಸ ಮಾಡುತ್ತಿದೆ ಎಂದು ನೋಡುತ್ತೇನೆ. 405 ಅನ್ನು ಹುಡಿಹುಡಿಯಾದ ಬಿಸ್ಕತ್ತಿಗೆ ಬಳಸಿದ್ದರೆ ಅಮೆರಿಕದ ಓದುಗರಿಗೆ ಪೇಸ್ಟ್ರಿ ಫ್ಲೋರ್ ಎಂದು ಬರೆದು, ಸಿಗದಿದ್ದರೆ ಆಲ್ ಪರ್ಪಸ್ ಎನ್ನುತ್ತೇನೆ. ಬ್ರಿಟನ್ನಿನವರಿಗೆ ಪ್ಲೇನ್ ಫ್ಲೋರ್ ಸಾಕು. 550 ಅನ್ನು ಬ್ರೆಡ್ಡಿಗೆ ಬಳಸಿದ್ದರೆ ಬ್ರಿಟನ್ನಿಗೆ ಸ್ಟ್ರಾಂಗ್ ವೈಟ್, ಅದೇ 550 ಕೇಕಿಗಾದರೆ ಮತ್ತೆ ಪ್ಲೇನ್. ಒಂದೇ ಅಂಕಿಗೆ ಒಂದೇ ಪುಸ್ತಕದಲ್ಲಿ ಎರಡು ಹೆಸರು ಕಂಡು ಸಂಪಾದಕರು ಕೆಂಪು ಶಾಯಿಯಲ್ಲಿ ಪ್ರಶ್ನೆ ಹಾಕುತ್ತಾರೆ. ಉತ್ತರ ಸಿದ್ಧವಾಗಿಯೇ ಇರುತ್ತದೆ. 1050ಕ್ಕೆ ಸಾಮಾನ್ಯ ಅಂಗಡಿಯಲ್ಲಿ ಸಮನಾದದ್ದು ಇಲ್ಲ. ಬಿಳಿ ಬ್ರೆಡ್ ಹಿಟ್ಟಿಗೆ ಇಡಿಗೋಧಿಯ ಹಿಟ್ಟು ಬೆರೆಸಿ ಎನ್ನುವುದು ಹತ್ತಿರದ ದಾರಿ, ಅಷ್ಟೆ.

ಹಾಲಿನ ಪದಾರ್ಥಗಳಲ್ಲಿ ಮೋಸ ಮಾಡುವುದು ಹೆಸರುಗಳ ಹೋಲಿಕೆ. ‘ಝೌರೆ ಝಾನೆ’ ಎಂದರೆ ಅಕ್ಷರಶಃ ಹುಳಿ ಕೆನೆ. ಸವರ್ ಕ್ರೀಮ್ ಎಂದು ಬರೆದು ಮುಂದೆ ಹೋಗಲು ಕೈ ತುಡಿಯುತ್ತದೆ. ಜರ್ಮನಿಯದರಲ್ಲಿ ಕೊಬ್ಬು ಸಾಮಾನ್ಯವಾಗಿ ನೂರಕ್ಕೆ 10, ಅಮೆರಿಕದ ಸವರ್ ಕ್ರೀಮಿನಲ್ಲಿ ಕನಿಷ್ಠ 18. ಆದ್ದರಿಂದ ಆ ಹೆಸರು ಹೆಚ್ಚು ಒಪ್ಪುವುದು ‘ಶ್ಮಾಂಡ್’ ಎಂಬ ಇನ್ನೊಂದು ಜರ್ಮನ್ ಕೆನೆಗೆ. ಅದರಲ್ಲಿ ಕೊಬ್ಬು 20ರ ಮೇಲಿರುತ್ತದೆ. ಗಟ್ಟಿ ಮೊಸರಿನಂತಿರುವ ಮೆತ್ತನೆಯ ಚೀಸ್ ‘ಕ್ವಾರ್ಕ್’ ಇನ್ನೂ ಜಾಣ. ಡಬ್ಬಿಯ ಮೇಲೆ 40 ಪ್ರತಿಶತ ಕೊಬ್ಬು ಎಂದಿರುತ್ತದೆ, ಪಕ್ಕದಲ್ಲಿ ಸಣ್ಣಗೆ ‘ಇ. ಟಿಆರ್.’ ಎಂದು. ನೀರನ್ನು ಕಳೆದು ಉಳಿದ ಒಣ ಭಾಗದಲ್ಲಿ 40 ಎಂದು ಅದರ ಅರ್ಥ. ನಿಜಕ್ಕೂ ತಿನ್ನುವ ಕ್ವಾರ್ಕಿನಲ್ಲಿ ಇರುವುದು ಸುಮಾರು 11. ಆ ಸಣ್ಣಕ್ಷರ ಬಿಟ್ಟರೆ ಓದುಗರು ಮಸ್ಕರ್ಪೋನೆ ಎಂಬ ಕೊಬ್ಬು ತುಂಬಿದ ಇಟಲಿಯ ಕೆನೆ ಚೀಸನ್ನು ತಂದು ಸುರಿಯುತ್ತಾರೆ. ಶ್ರೀಖಂಡಕ್ಕೆಂದು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿದ ಮೊಸರನ್ನು ಕಂಡ ನನಗೆ ಕ್ವಾರ್ಕಿನ ಗುಣ ಬೇಗ ಹಿಡಿಸಿತು. ಕೊಬ್ಬಿಲ್ಲದ ಕ್ವಾರ್ಕಿನ ಕೇಕಿಗೆ ಕೊಬ್ಬಿಲ್ಲದ ಗ್ರೀಕ್ ಯೋಗರ್ಟನ್ನು ರಾತ್ರಿಯಿಡೀ ಸೋಸಿ ಬಳಸಿ ಎಂದೇ ಬರೆಯುತ್ತೇನೆ.

ಮುಂದಿನ ತೊಡಕು ‘ಒಂದು ಪೊಟ್ಟಣ’. ಬೀಲೆಫೆಲ್ಡ್ ಊರಿನ ಔಷಧ ವ್ಯಾಪಾರಿ ಆಗುಸ್ಟ್ ಓಟ್ಕರ್ 1890ರ ದಶಕದಲ್ಲಿ ಅರ್ಧ ಕಿಲೋ ಹಿಟ್ಟಿಗೆ ಬೇಕಾದಷ್ಟು ಬೇಕಿಂಗ್ ಪೌಡರನ್ನು ಪುಟ್ಟ ಪೊಟ್ಟಣದಲ್ಲಿ ಕಟ್ಟಿ ಮಾರಿದರು. ಇವತ್ತಿಗೂ ಜರ್ಮನ್ ಪಾಕಗಳು ಪೊಟ್ಟಣದಲ್ಲೇ ಮಾತನಾಡುತ್ತವೆ. ಬೇಕಿಂಗ್ ಪೌಡರ್ 15–16 ಗ್ರಾಂ, ವೆನಿಲಾ ಸಕ್ಕರೆ 8, ಒಣ ಯೀಸ್ಟ್ 7. ಇವೆಲ್ಲ ಸುಲಭ, ಗ್ರಾಂ ಬರೆದು ಪಕ್ಕದಲ್ಲಿ ಚಮಚ ಬರೆದರೆ ಮುಗಿಯಿತು. ಕಷ್ಟ ಕೊಡುವುದು ‘ಪುಡಿಂಗ್ ಪೌಡರ್’ ಪೊಟ್ಟಣ. ಅದು ಸುಮಾರು 37 ಗ್ರಾಂ, ಅರ್ಧ ಲೀಟರ್ ಹಾಲಿಗೆ. ಅದರಲ್ಲಿ ಇರುವುದು ಮುಖ್ಯವಾಗಿ ಪಿಷ್ಟ, ಜೊತೆಗೆ ಪರಿಮಳ, ಬಣ್ಣ. ಸಕ್ಕರೆ ಇಲ್ಲ, ಕುದಿಸಲೇಬೇಕು. ಅಮೆರಿಕದ ಇನ್‌ಸ್ಟಂಟ್ ಪುಡಿಂಗ್ ತಣ್ಣನೆಯ ಹಾಲಿನಲ್ಲೇ ಗಟ್ಟಿಯಾಗುವ ಸರಕು, ಸಕ್ಕರೆಯೂ ತುಂಬಿರುತ್ತದೆ. ಅಲ್ಲಿನವರಿಗೆ ಕಾರ್ನ್‌ಸ್ಟಾರ್ಚ್ ಮತ್ತು ವೆನಿಲಾ ಎಂದು ಬಿಡಿಸಿ ಬರೆಯಬೇಕು. ಬ್ರಿಟನ್ನಿನವರಿಗೆ ಕಸ್ಟರ್ಡ್ ಪೌಡರ್ ಎಂದರೆ ಸಾಕು. ನಮ್ಮಲ್ಲಿ ಫ್ರೂಟ್ ಸಲಾಡಿಗೆ ಬಳಸುವುದೂ ಅದನ್ನೇ.

ಇನ್ನು ‘ಟೈಗ್’. ಜರ್ಮನ್ ಮನೆಗಳಲ್ಲಿ ನಾದಿದ್ದೂ ಟೈಗ್, ಸುರಿಯುವಷ್ಟು ತೆಳ್ಳಗಿದ್ದರೂ ಟೈಗ್. ಚಪಾತಿ ಹಿಟ್ಟು, ದೋಸೆ ಹಿಟ್ಟು ಎನ್ನುತ್ತ ಬೆಳೆದವರಿಗೆ ಇದು ವಿಚಿತ್ರವೇ ಅಲ್ಲ. ಇಂಗ್ಲಿಷ್ ಮಾತ್ರ ಡೋ, ಬ್ಯಾಟರ್ ಎಂದು ಪ್ರತಿ ಸಲ ಆಯ್ಕೆ ಕೇಳುತ್ತದೆ. ವೃತ್ತಿಪರ ಬೇಕರ್‌ಗಳ ಪುಸ್ತಕವಾದರೆ ಕೊಂಚ ನೆಮ್ಮದಿ: ಅವರು ನಾದಿದ್ದನ್ನು ಟೈಗ್ ಎಂದೂ ಕಡೆದದ್ದನ್ನು ‘ಮಾಸೆ’ ಎಂದೂ ಬೇರ್ಪಡಿಸುತ್ತಾರೆ. ಆದರೆ ಅವರೇ ‘ಟಿಎ 165’ ಎಂಬ ಇನ್ನೊಂದು ಅಂಕಿಯನ್ನೂ ಬರೆಯುತ್ತಾರೆ. ನೂರು ಭಾಗ ಹಿಟ್ಟಿಗೆ ಅರವತ್ತೈದು ಭಾಗ ನೀರು ಸೇರಿದರೆ ಒಟ್ಟು 165. ಇಂಗ್ಲಿಷ್ ಬೇಕರ್‌ಗಳು ನೀರನ್ನಷ್ಟೇ ಎಣಿಸಿ 65 ಪ್ರತಿಶತ ಹೈಡ್ರೇಷನ್ ಎನ್ನುತ್ತಾರೆ. ನೂರು ಕಳೆದು ಬರೆಯುತ್ತೇನೆ.

ಕ್ರಿಯಾಪದಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ‘ಟ್ಸೂರ್ ರೋಝೆ ಆಪ್‌ತ್ಸೀಯೆನ್’. ಮೊಟ್ಟೆಯ ಹಳದಿ ಸೇರಿಸಿದ ಹಾಲನ್ನು ಕಾಯಿಸುತ್ತ, ಮರದ ಸೌಟನ್ನು ಅದ್ದಿ ಅದರ ಬೆನ್ನಿಗೆ ಮೆಲ್ಲಗೆ ಊದಿದರೆ ಗುಲಾಬಿ ದಳಗಳಂತೆ ಅಲೆಗಳು ಮೂಡಬೇಕು. ಇಂಗ್ಲಿಷಿನಲ್ಲಿ ಸೌಟಿನ ಬೆನ್ನನ್ನು ಮುಚ್ಚುವವರೆಗೆ ಎನ್ನುತ್ತಾರೆ, ಗುಲಾಬಿ ಮಾಯ. ನಾನು ಊದುವುದನ್ನೂ ದಳಗಳನ್ನೂ ಉಳಿಸಿ, ಜೊತೆಗೆ ಸುಮಾರು 82 ಡಿಗ್ರಿ ಎಂದು ಸೇರಿಸುತ್ತೇನೆ. ಥರ್ಮಾಮೀಟರ್ ಇದ್ದವರು ಅದನ್ನು ನೋಡಲಿ, ಇಲ್ಲದವರು ಊದಲಿ.

ಕಪ್ಪಿನ ಅಳತೆಗೆ ಬದಲಿಸಿ ಎಂದು ಅಮೆರಿಕದ ಪ್ರಕಾಶಕರು ಕೇಳಿದಾಗ ಮಾತ್ರ ಜಗ್ಗಾಟವಾಗುತ್ತದೆ. ಒಂದು ಕಪ್ ಹಿಟ್ಟನ್ನು ಅಲ್ಲಿನ ಹಿಟ್ಟು ಮಾರುವ ಕಿಂಗ್ ಆರ್ಥರ್ ಸಂಸ್ಥೆ 120 ಗ್ರಾಂ ಎನ್ನುತ್ತದೆ, ಬೇರೆ ಪುಸ್ತಕಗಳು ಇನ್ನೂ ಹೆಚ್ಚು ಹೇಳುತ್ತವೆ. ಪ್ರಕಾಶಕರದೇ ಪಟ್ಟಿ ಪಡೆಯದೆ ಕಪ್ ಬರೆಯುವುದಿಲ್ಲ, ಬರೆದರೂ ಗ್ರಾಂ ತೆಗೆಯುವುದಿಲ್ಲ.

ಲೇಖಕರ ಊರನ್ನೂ ತಿಳಿದುಕೊಳ್ಳುತ್ತೇನೆ. ಆಸ್ಟ್ರಿಯಾದವರಾದರೆ ಕ್ವಾರ್ಕ್ ‘ಟೋಪ್‌ಫೆನ್’ ಆಗಿರುತ್ತದೆ, ಏಪ್ರಿಕಾಟ್ ‘ಮರಿಲ್ಲೆ’. ಆ ದೇಶ 1995ರಲ್ಲಿ ಯುರೋಪಿಯನ್ ಒಕ್ಕೂಟ ಸೇರುವಾಗ ಇಂಥ 23 ತಿನಿಸಿನ ಪದಗಳಿಗೆ ಒಪ್ಪಂದದಲ್ಲೇ ಮಾನ್ಯತೆ ಪಡೆಯಿತು. ‘ಫಾನ್‌ಕೂಖೆನ್’ ಬಂದರಂತೂ ಊರು ಗೊತ್ತಿರಲೇಬೇಕು. ಜರ್ಮನಿಯ ಬಹುಭಾಗದಲ್ಲಿ ಅದು ಪ್ಯಾನ್‌ಕೇಕ್, ಬರ್ಲಿನ್ನಿನಲ್ಲಿ ಜಾಮ್ ತುಂಬಿ ಕರಿದ ಡೋನಟ್. ಊರು ತಿಳಿಯದಿದ್ದರೆ ಎಣ್ಣೆಯ ಪ್ರಮಾಣ ನೋಡುತ್ತೇನೆ: ಚಮಚದಲ್ಲಿದ್ದರೆ ಕಾವಲಿ, ಲೀಟರಿನಲ್ಲಿದ್ದರೆ ಬಾಣಲೆ.