ಸಾಂತಿಯಾಗೊಗೆ ನಡೆಯಬೇಕಾ? ಲೆಕ್ಕ ಕೊನೆಯಿಂದ ಶುರುಮಾಡಿ

ಸ್ಪೇನಿನ ಕಮೀನೊ ಎಂಬ ಯಾತ್ರೆಯ ದಾರಿ ನಡೆಯಬೇಕು ಅಂದುಕೊಂಡವರು ಮೊದಲು ಶೂ ಅಂಗಡಿಗೆ ಓಡುತ್ತಾರೆ. ನಾನೂ ಓಡಿದ್ದೆ. ಮೊದಲು ನೋಡಬೇಕಾದ್ದು ಕೈಯಲ್ಲಿ ಎಷ್ಟು ರಜೆ ಇದೆ ಅನ್ನೋದನ್ನ.

ಸಾಂತಿಯಾಗೊ ದೆ ಕೊಂಪೊಸ್ತೆಲಾ ಊರಿನ ಕೆಥೆಡ್ರಲ್‌ನಲ್ಲಿ ಯೇಸುವಿನ ಶಿಷ್ಯ ಸಂತ ಯಾಕೋಬನ ಸಮಾಧಿ ಇದೆ ಎಂಬ ನಂಬಿಕೆ. ಸಾವಿರ ವರ್ಷಕ್ಕೂ ಹಿಂದಿನಿಂದ ಜನ ಅಲ್ಲಿಗೆ ನಡೆದು ಬರುತ್ತಿದ್ದಾರೆ. ದಾರಿಗಳು ಹಲವು. ಜಾಸ್ತಿ ಜನ ಹಿಡಿಯುವುದು ‘ಫ್ರೆಂಚ್ ದಾರಿ’. ಫ್ರಾನ್ಸಿನ ಗಡಿಯೂರಿನಿಂದ ಸುಮಾರು 780 ಕಿ.ಮೀ., ಐದು ವಾರದ ನಡಿಗೆ. ಅಷ್ಟು ರಜೆ ಯಾರು ಕೊಡ್ತಾರೆ?

ಹಾಗಾಗಿ ಸಾಂತಿಯಾಗೊದಿಂದ ಹಿಂದಕ್ಕೆ ಎಣಿಸಿ. ಎರಡು ವಾರಕ್ಕಿಂತ ಸ್ವಲ್ಪ ಹೆಚ್ಚು ಸಿಕ್ಕರೆ ಅದೇ ದಾರಿಯ ಲೆಯೋನ್ ಊರಿನಿಂದ ಹೊರಡಿ, ಸುಮಾರು 310 ಕಿ.ಮೀ. ಒಂದೇ ವಾರವಾದರೆ ಸಾರಿಯಾ. ಅಲ್ಲಿಂದ ಸುಮಾರು 115 ಕಿ.ಮೀ., ಐದಾರು ದಿನ. ‘ಪೂರ್ತಿ ನಡೆಯದಿದ್ದರೆ ಅದು ಕಮೀನೊನೇ ಅಲ್ಲ’ ಅನ್ನುವವರು ಸಿಗುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ. ಕೊಂಪೊಸ್ತೆಲಾ ಎಂಬ ಪ್ರಮಾಣಪತ್ರಕ್ಕೆ ನಡೆದು ಬರುವವರು 100 ಕಿ.ಮೀ. ಮುಗಿಸಿದರೆ ಸಾಕು.

ತಿಂಗಳು: ಮೇ, ಜೂನ್ ಅಥವಾ ಸೆಪ್ಟೆಂಬರ್. ಜುಲೈ–ಆಗಸ್ಟ್‌ನಲ್ಲಿ ಬಿಸಿಲೂ ಜಾಸ್ತಿ, ಗದ್ದಲವೂ ಜಾಸ್ತಿ. ಸಂತನ ಹಬ್ಬ ಜುಲೈ 25 ಭಾನುವಾರ ಬಿದ್ದ ವರ್ಷ ‘ಪವಿತ್ರ ವರ್ಷ’. 2027 ಅಂಥದ್ದೇ. ಆ ವರ್ಷ ಹೋಗುವವರು ಹಾಸಿಗೆ ಬೇಗ ಕಾದಿರಿಸಿ.

ಹಾಸಿಗೆಯ ವಿಷಯದಲ್ಲಿ ನಮ್ಮವರಿಗೆ ಒಂದು ತೊಡಕಿದೆ. ಯಾತ್ರಿಕರು ಮಲಗುವ ಛತ್ರದಂಥ ಜಾಗಕ್ಕೆ ಅಲ್ಬೆರ್ಗೆ ಎನ್ನುತ್ತಾರೆ. ಸಾರಿಯಾದಿಂದ ಮುಂದೆ ಸರ್ಕಾರಿ ಅಲ್ಬೆರ್ಗೆಗಳಲ್ಲಿ ಮೊದಲು ಬಂದವರಿಗೆ ಹಾಸಿಗೆ, ಬುಕಿಂಗ್ ಇಲ್ಲ. ಆದರೆ ಸ್ಪೇನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ತಂಗುವ ಜಾಗದ ದಾಖಲೆ ಬೇಕೇ ಬೇಕು. ಖಾಸಗಿ ಅಲ್ಬೆರ್ಗೆಗಳಲ್ಲಿ ಊರೂರಿಗೂ ಬುಕ್ ಮಾಡಿ, ದಿನಚರಿಯ ಜೊತೆ ಲಗತ್ತಿಸಿ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆಯೂ ಬೇಕು. ಅರ್ಜಿಯನ್ನು ಆರು ತಿಂಗಳು ಮುಂಚಿನಿಂದಲೇ ಹಾಕಬಹುದು.

ಈಗ ಕಾಲು. ಮೂರು ತಿಂಗಳು ಮೊದಲೇ ನಡೆಯಲು ಶುರುಮಾಡಿ. ಒಂದು ದಿನ 20 ಕಿ.ಮೀ. ನಡೆಯೋದು ದೊಡ್ಡದಲ್ಲ, ಮರುದಿನ ಎದ್ದು ಮತ್ತೆ ನಡೆಯಬೇಕಲ್ಲ, ಕಷ್ಟ ಅದು. ಅದಕ್ಕೇ ಶನಿವಾರ, ಭಾನುವಾರ ಎರಡೂ ದಿನ ನಡೆಯಿರಿ, ಚೀಲ ಹೊತ್ತುಕೊಂಡೇ. ಶೂ ಅರ್ಧ ಸೈಜ್ ದೊಡ್ಡದಿರಲಿ, ನಡೆದಂತೆ ಪಾದ ಊದುತ್ತದೆ. ಧರ್ಮಸ್ಥಳಕ್ಕೆ ಪಾದಯಾತ್ರೆ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಹಿಮ್ಮಡಿ ಬಿಸಿಯಾದ ಹಾಗೆ ಅನ್ನಿಸಿದ ಕೂಡಲೇ ನಿಲ್ಲಿ. ಕಾಲುಚೀಲ ತೆಗೆಯಿರಿ, ಒಣಗಿಸಿ, ಟೇಪ್ ಹಾಕಿ. ನಾನು ‘ಇನ್ನೊಂದು ಊರು ದಾಟಲಿ’ ಅಂತ ಸುಮ್ನೆ ನಡೆದೆ. ಸಾರಿಯಾದಿಂದ ಹೊರಟ ಮೊದಲ ದಿನದ ಗುರಿ ಪೋರ್ತೊಮರೀನ್, 22 ಕಿ.ಮೀ. ಅಣೆಕಟ್ಟಿಗಾಗಿ ಹಳೇ ಊರು ಮುಳುಗಿ, 1960ರ ದಶಕದಲ್ಲಿ ಗುಡ್ಡದ ಮೇಲೆ ಹೊಸದಾಗಿ ಕಟ್ಟಿದ ಊರದು. ಚರ್ಚನ್ನೂ ಒಂದೊಂದೇ ಕಲ್ಲು ಬಿಚ್ಚಿ ಮೇಲೆ ತಂದರು. ಸೇತುವೆ ದಾಟಿದರೆ ಎದುರಿಗೇ ಕಡಿದಾದ ಕಲ್ಲಿನ ಮೆಟ್ಟಿಲು. ಅಷ್ಟು ಹೊತ್ತಿಗೆ ನನ್ನ ಬೊಬ್ಬೆ ಒಡೆದಿತ್ತು. ಮೆಟ್ಟಿಲನ್ನು ಅಡ್ಡಡ್ಡ, ಏಡಿಯ ಹಾಗೆ ಹತ್ತಿದೆ.

ಚೀಲದ ತೂಕ ನಿಮ್ಮ ತೂಕದ ಹತ್ತನೇ ಒಂದು ಪಾಲು ಮೀರದಿರಲಿ. ಎರಡು ಜೊತೆ ಬಟ್ಟೆ, ಹಗುರ ಸ್ಲೀಪಿಂಗ್ ಬ್ಯಾಗ್, ಚಪ್ಪಲಿ, ಮಳೆ ಕೋಟು. ಸಾರಿಯಾ, ಸಾಂತಿಯಾಗೊ ಇರುವ ಗಲಿಸಿಯಾ ನಮ್ಮ ಮಲೆನಾಡಿನಂಥ ಹಸಿರು ಸೀಮೆ, ಮಳೆ ಹೇಳಿ ಕೇಳಿ ಬರಲ್ಲ. ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ. ಇಪ್ಪತ್ತು ಜನ ಮಲಗಿದ ಕೋಣೆಯಲ್ಲಿ ಗೊರಕೆಗೆ ಭಾಷೆಯ ಹಂಗಿಲ್ಲ!

ದಾರಿ ತಪ್ಪುವ ಭಯ ಬೇಡ. ಕಲ್ಲು, ಗೋಡೆ, ಕಂಬಗಳ ಮೇಲೆಲ್ಲ ಹಳದಿ ಬಾಣ. 1980ರ ದಶಕದಲ್ಲಿ ಓ ಸೆಬ್ರೆಯ್ರೊ ಊರಿನ ಪಾದ್ರಿ ಎಲಿಯಾಸ್ ವಾಲಿನ್ಯಾ ಶುರುಮಾಡಿದ ಕೆಲಸ ಅದು. ನೀವು ಮರೆಯಬಾರದ್ದು ಮೊಹರು. ಕ್ರೆದೆನ್ಸಿಯಾಲ್ ಎಂಬ ಯಾತ್ರಿಕರ ಪಾಸ್‌ಪೋರ್ಟ್ ಸಾರಿಯಾದಲ್ಲೇ ಸಿಗುತ್ತದೆ. ಕೊನೆಯ 100 ಕಿ.ಮೀ.ನಲ್ಲಿ ದಿನಕ್ಕೆ ಎರಡು ಮೊಹರು ಹಾಕಿಸಿ. ಕಾಫಿ ಕುಡಿದ ಬಾರ್‌ನಲ್ಲೂ ಹಾಕುತ್ತಾರೆ.

ಸಸ್ಯಾಹಾರಿಗಳೇ, ‘ಸಿನ್ ಕಾರ್ನೆ’ ಅಂದರೆ ಮಾಂಸ ಬೇಡ ಅಂತಷ್ಟೇ. ಮೀನು ಅವರ ಲೆಕ್ಕದಲ್ಲಿ ಮಾಂಸವಲ್ಲ. ನಾನು ಹಾಗೆ ಹೇಳಿ ಸಲಾಡ್ ತರಿಸಿದೆ, ಮೇಲೆ ಟ್ಯೂನಾ ಮೀನು ಹರಡಿತ್ತು. ‘ಸಿನ್ ಪೆಸ್ಕಾದೊ’, ಮೀನು ಬೇಡ ಅಂತಲೂ ಹೇಳಿ. ತೋರ್ತಿಯಾ ಎಂಬ ಆಲೂಗಡ್ಡೆ ತಿಂಡಿಯಲ್ಲಿ ಮೊಟ್ಟೆ ಇರುತ್ತದೆ. ಪದ್ರೋನ್ ಮೆಣಸಿನಕಾಯಿ ತರಿಸಿ ನೋಡಿ. ಎಣ್ಣೆಯಲ್ಲಿ ಬಾಡಿಸಿ ಕಲ್ಲುಪ್ಪು ಉದುರಿಸಿ ಕೊಡುತ್ತಾರೆ. ಬಜ್ಜಿ ಪ್ರಿಯರಿಗೆ ಖುಷಿಯಾಗುತ್ತದೆ.

ಸಾಂತಿಯಾಗೊ ತಲುಪಿದ ಮೇಲೆ ಮೊದಲು ಚೀಲ ಎಲ್ಲಾದರೂ ಇಡಿ, ಹೊತ್ತುಕೊಂಡು ಕೆಥೆಡ್ರಲ್ ಒಳಗೆ ಬಿಡುವುದಿಲ್ಲ. ಆಮೇಲೆ ಯಾತ್ರಿಕರ ಕಚೇರಿಯಲ್ಲಿ ಮೊಹರು ತೋರಿಸಿ ಕೊಂಪೊಸ್ತೆಲಾ ಪಡೆಯಿರಿ, ದುಡ್ಡಿಲ್ಲ. ವಿಡಿಯೊಗಳಲ್ಲಿ ಕಾಣುವ ದೊಡ್ಡ ಧೂಪದಾನಿ ಬೋತಾಫುಮೇಯ್ರೊ ದಿನಾ ತೂಗುವುದಿಲ್ಲ. ಅದಕ್ಕಾಗಿ ವಿಮಾನದ ಟಿಕೆಟ್ ಮುಂದೆ ಹಾಕಬೇಡಿ.